ಮಗುವಿನ ಕಿವಿಗೆ ಕಡ್ಡಿಯೂ ಬೇಡ, ಎಣ್ಣೆಯೂ ಬೇಡ

ಮಗುವಿಗೆ ಎರೆಯುವುದೆಂದರೆ ನಮ್ಮ ಮನೆಗಳಲ್ಲಿ ಒಂದು ದೊಡ್ಡ ಕೆಲಸ. ನೀರು ಹದವಾಗಿ ಕಾಯಬೇಕು, ಮೈಗೆಲ್ಲ ಎಣ್ಣೆ ತಿಕ್ಕಬೇಕು, ಅಜ್ಜಿಯೋ ಎರೆಯಲೆಂದೇ ಬರುವ ಹೆಂಗಸೋ ಕಾಲು ನೀಡಿ ಕುಳಿತು ಮಗುವನ್ನು ಕಾಲ ಮೇಲೆ ಮಲಗಿಸಿಕೊಳ್ಳಬೇಕು. ಇಷ್ಟರ ಬಗ್ಗೆ ವೈದ್ಯರ ತಕರಾರೇನೂ ಇಲ್ಲ. ತಕರಾರು ಇರುವುದು ಇದರ ಹಿಂದುಮುಂದೆ ಕಿವಿಗೆ ನಡೆಯುವ ಉಪಚಾರದ ಬಗ್ಗೆ. ನೆತ್ತಿಗೆ ಹಾಕಿ ಉಳಿದ ಎಣ್ಣೆಯಲ್ಲಿ ಎರಡೆರಡು ತೊಟ್ಟು ಕಿವಿಗೆ ಬೀಳುತ್ತದೆ. ನೀರು ನಿಂತೀತೆಂದು ಕಿವಿಗೆ ಬಾಯಿಟ್ಟು ಊದುವವರಿದ್ದಾರೆ. ಆಮೇಲೆ ಸೆರಗಿನ ತುದಿಯನ್ನು ಹುರಿ ಮಾಡಿ ಕಿವಿಯೊಳಗೆ ತಿರುಗಿಸುತ್ತಾರೆ. ಈಗಿನ ತಾಯಂದಿರಾದರೆ ಸೆರಗಿನ ಬದಲು ಡಬ್ಬಿಯಿಂದ ಇಯರ್ ಬಡ್ ತೆಗೆಯುತ್ತಾರೆ.

ಇವುಗಳಲ್ಲಿ ಒಂದೂ ಮಗುವಿಗೆ ಬೇಕಿಲ್ಲ. ಹೊರಗೆ ಕಣ್ಣಿಗೆ ಕಾಣುವ ಕಿವಿಯನ್ನು ಒರೆಸಿ ಒಣಗಿಸಿದರೆ ನಿಮ್ಮ ಕೆಲಸ ಮುಗಿಯಿತು. ರಂಧ್ರದ ಒಳಗಿನದನ್ನು ಕಿವಿ ತಾನೇ ನೋಡಿಕೊಳ್ಳುತ್ತದೆ. ಹೀಗೆಂದರೆ ಹಿರಿಯರು ಸುಲಭಕ್ಕೆ ಒಪ್ಪುವುದಿಲ್ಲ. ಆದ್ದರಿಂದ ಮೊದಲು ಕಿವಿಯ ಒಳಗೆ ಏನಿದೆ ಎಂಬುದನ್ನು ತಿಳಿಯೋಣ.

ಗುಗ್ಗೆ ಕೊಳೆಯಲ್ಲ

ಕಿವಿಯ ರಂಧ್ರದಿಂದ ಒಳಕ್ಕೆ ಹೋಗುವ ನಾಳ ದೊಡ್ಡವರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದವಿರುತ್ತದೆ. ಹಸುಗೂಸಿನಲ್ಲಿ ಅದಕ್ಕಿಂತ ಕಡಿಮೆ. ನಾಳದ ಕೊನೆಯಲ್ಲಿ ತೆಳ್ಳನೆಯ ಒಂದು ಪೊರೆ ಬಿಗಿದುಕೊಂಡಿದೆ. ಅದೇ ಕಿವಿ ತಮಟೆ. ಶಬ್ದ ಬಡಿದಾಗ ತಮಟೆ ಅದುರುತ್ತದೆ. ಅದರ ಹಿಂದಿನ ಮಧ್ಯಕಿವಿಯಲ್ಲಿರುವ ಮೂರು ಪುಟ್ಟ ಮೂಳೆಗಳು ಆ ಅದುರನ್ನು ಒಳಕಿವಿಗೆ ದಾಟಿಸುತ್ತವೆ. ಈ ಮೂರರಲ್ಲಿ ಕೊನೆಯದು ನಮ್ಮ ದೇಹದಲ್ಲೇ ಅತಿ ಚಿಕ್ಕ ಮೂಳೆ. ಉದ್ದ ಮೂರು ಮಿಲಿಮೀಟರಿನಷ್ಟು. ಇಂಥ ನಾಜೂಕಿನ ವ್ಯವಸ್ಥೆಗೂ ಹೊರಗಿನ ಪ್ರಪಂಚಕ್ಕೂ ನಡುವೆ ಇರುವುದು ಆ ಪೊರೆಯೊಂದೇ.

ನಾಳದ ಹೊರಭಾಗದ ಮೂರನೇ ಒಂದು ಪಾಲಿನ ಚರ್ಮದಲ್ಲಿ ಜಿಡ್ಡು ಸ್ರವಿಸುವ ಗ್ರಂಥಿಗಳಿವೆ. ಈ ಜಿಡ್ಡು ಮತ್ತು ಉದುರಿದ ಚರ್ಮದ ಹೊಟ್ಟು ಸೇರಿ ಆಗುವುದೇ ಗುಗ್ಗೆ. ಇದು ಮೈಯ ಕೊಳೆಯಲ್ಲ. ಹೊರಗಿನಿಂದ ಬರುವ ದೂಳನ್ನು ಹಿಡಿದುಕೊಳ್ಳುತ್ತದೆ, ನೀರು ಚರ್ಮಕ್ಕೆ ಇಳಿಯದಂತೆ ತಡೆಯುತ್ತದೆ, ಸ್ವಲ್ಪ ಆಮ್ಲದ ಗುಣವಿರುವುದರಿಂದ ರೋಗಾಣುಗಳೂ ಬೂಷ್ಟೂ ಬೆಳೆಯಲು ಬಿಡುವುದಿಲ್ಲ. ಮನೆಯ ಬಾಗಿಲಿಗೆ ಕಾವಲಿದ್ದವನನ್ನು ಕಳ್ಳನೆಂದು ಹೊಡೆದು ಓಡಿಸಿದ ಹಾಗೆ ನಾವು ಗುಗ್ಗೆಯನ್ನು ಓಡಿಸುತ್ತಿರುತ್ತೇವೆ.

ಇದಕ್ಕಿಂತ ಸೋಜಿಗದ ವಿಷಯ ಮತ್ತೊಂದಿದೆ. ಕಿವಿಯ ಚರ್ಮ ನಿಂತಲ್ಲಿ ನಿಲ್ಲುವುದಿಲ್ಲ. ತಮಟೆಯ ನಡುವಿನಿಂದ ಹೊರಟು, ಉಗುರು ಬೆಳೆಯುವಷ್ಟೇ ನಿಧಾನವಾಗಿ, ರಂಧ್ರದ ಬಾಯಿಯ ಕಡೆಗೆ ಸರಿಯುತ್ತಲೇ ಇರುತ್ತದೆ. ತನ್ನ ಮೇಲಿರುವ ಗುಗ್ಗೆಯನ್ನೂ ಹೊತ್ತು ತರುತ್ತದೆ. ಮಗು ಹಾಲು ಚೀಪುವಾಗ, ಮುಂದೆ ಅಗಿಯುವಾಗ ದವಡೆಯ ಅಲುಗಾಟದಿಂದ ಈ ಕೆಲಸಕ್ಕೆ ಇನ್ನಷ್ಟು ನೆರವಾಗುತ್ತದೆ. ಹೊರಗೆ ಬಂದ ಗುಗ್ಗೆ ಒಣಗಿ ಉದುರುತ್ತದೆ, ಇಲ್ಲವೇ ಸ್ನಾನದಲ್ಲಿ ತೊಳೆದುಹೋಗುತ್ತದೆ. ಅಡಿಗೆಮನೆಯ ಪಾತ್ರೆಗಳು ಹೀಗೆ ತಾವೇ ಶುಚಿಯಾಗುವಂತಿದ್ದರೆ ಎಷ್ಟು ಚೆನ್ನಾಗಿತ್ತು!

ಒಂದು ಮಗುವಿನ ಗುಗ್ಗೆ ಜೇನಿನಂತೆ ಅಂಟಂಟಾಗಿರುತ್ತದೆ, ಇನ್ನೊಂದರದು ಹೊಟ್ಟಿನಂತೆ ಒಣಕಲು. ಇದರಿಂದ ಗಾಬರಿಯಾಗಬೇಕಿಲ್ಲ. ಇದು ವಂಶದಿಂದ ಬರುವ ಗುಣ. ಇದನ್ನು ನಿರ್ಧರಿಸುವ ವಂಶವಾಹಿಯನ್ನು ಜಪಾನಿನ ವಿಜ್ಞಾನಿಗಳು 2006ರಲ್ಲಿ ಗುರುತಿಸಿದರು.

ಕಡ್ಡಿ ಮಾಡುವ ಕೆಲಸ

ಕಡ್ಡಿಯ ಹತ್ತಿಗೆ ಒಂದಿಷ್ಟು ಗುಗ್ಗೆ ಅಂಟಿಕೊಂಡು ಬಂದರೆ ಏನೋ ಸಾಧಿಸಿದಂತೆ ಸಮಾಧಾನವಾಗುತ್ತದೆ. ಹತ್ತಿಗೆ ಬಂದದ್ದು ಕಣ್ಣಿಗೆ ಕಾಣುತ್ತದೆ, ಒಳಕ್ಕೆ ಹೋದದ್ದು ಕಾಣುವುದಿಲ್ಲ, ಅಷ್ಟೇ. ಕೇಪಿನ ಕೋವಿಗೆ ಮದ್ದು ತುಂಬಿ ಗಜದಿಂದ ಗಿಡಿಯುತ್ತಾರಲ್ಲ, ಇಯರ್ ಬಡ್ ಮಾಡುವುದು ಅದನ್ನೇ. ಹೊರಗೆ ಬರುತ್ತಿದ್ದ ಗುಗ್ಗೆಯನ್ನು ಅದು ತಮಟೆಯ ಕಡೆಗೆ ದೂಡುತ್ತದೆ. ಗುಗ್ಗೆಯ ಗ್ರಂಥಿಗಳಿರುವುದು ನಾಳದ ಹೊರಭಾಗದಲ್ಲಿ ಮಾತ್ರ ಎಂದೆನಲ್ಲ. ತಮಟೆಯ ಹತ್ತಿರ ಗುಗ್ಗೆ ಗಟ್ಟಿಯಾಗಿ ಕೂತಿದೆಯೆಂದರೆ, ಬಹಳ ಸಲ ಅದನ್ನು ಯಾರೋ ತಳ್ಳಿದ್ದಾರೆ ಎಂದೇ ಅರ್ಥ. ಹಾಗೆ ಕೂತ ಗುಗ್ಗೆಯಿಂದ ಕಿವಿ ಮಂದವಾಗುತ್ತದೆ, ನೋವೂ ಬರಬಹುದು.

ಗಾಯವಾಗುವುದು ಇನ್ನೊಂದು ಭಯ. ಮಗುವಿನ ನಾಳ ಗಿಡ್ಡ, ಅದರ ಚರ್ಮ ತೀರ ತೆಳು. ಕಡ್ಡಿ ಕಿವಿಯಲ್ಲಿರುವಾಗ ಮಗು ತಟ್ಟನೆ ತಲೆ ಹೊರಳಿಸಿದರೆ ಸಾಕು. ಕೆಲವೊಮ್ಮೆ ಆಚೆಯಿಂದ ಓಡಿಬಂದ ಅಣ್ಣನೋ ಅಕ್ಕನೋ ತಾಯಿಯ ಮೊಣಕೈಗೆ ತಗಲುತ್ತಾರೆ. ತಮಟೆಗೆ ತೂತಾಗಲು ಅಷ್ಟೇ ಬೇಕು. ಅಮೆರಿಕದಲ್ಲಿ 1990ರಿಂದ 2010ರವರೆಗಿನ ಆಸ್ಪತ್ರೆ ದಾಖಲೆಗಳನ್ನು ಆಧರಿಸಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆ 21 ವರ್ಷಗಳಲ್ಲಿ ಹತ್ತಿ ಕಡ್ಡಿಯಿಂದ ಕಿವಿಗೆ ಪೆಟ್ಟಾಗಿ ತುರ್ತು ಚಿಕಿತ್ಸೆಗೆ ಬಂದ, 18 ವರ್ಷದೊಳಗಿನ ಮಕ್ಕಳ ಸಂಖ್ಯೆ ಸುಮಾರು 2,63,000. ಎಂದರೆ ದಿನಕ್ಕೆ ಸರಾಸರಿ 34 ಮಕ್ಕಳು. ಅವರಲ್ಲಿ ಮೂರನೇ ಎರಡು ಪಾಲು ಎಂಟು ವರ್ಷದೊಳಗಿನವರು. ಹೆಚ್ಚಿನವರಿಗೆ ಪೆಟ್ಟಾದದ್ದು ಕಿವಿ ಶುಚಿ ಮಾಡುವಾಗಲೇ.

ಈ ಕಡ್ಡಿ ಹುಟ್ಟಿದ್ದೂ ಅದೇ ಅಮೆರಿಕದಲ್ಲಿ, ಅದೂ ಮಗುವಿಗಾಗಿಯೇ! ಲಿಯೋ ಗರ್ಸ್ಟೆನ್‌ಜಾಂಗ್ ಎಂಬಾತನ ಹೆಂಡತಿ ಹಲ್ಲುಕಡ್ಡಿಗೆ ಹತ್ತಿ ಸುತ್ತಿ ಕೂಸನ್ನು ಶುಚಿ ಮಾಡುತ್ತಿದ್ದಳಂತೆ. ಅದನ್ನು ನೋಡಿ ಆತ 1923ರಲ್ಲಿ ಸಿದ್ಧ ಕಡ್ಡಿಗಳನ್ನು ಮಾರಾಟಕ್ಕೆ ತಂದ. ಇಂದು ಅಂಥ ಕಡ್ಡಿಗಳನ್ನು ಮಾರುವ ದೊಡ್ಡ ಕಂಪನಿಗಳೇ, ಕಿವಿಯ ರಂಧ್ರದೊಳಗೆ ಹಾಕಬೇಡಿ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿರುತ್ತವೆ. ಸಣ್ಣ ಅಕ್ಷರ, ಓದುವವರು ಯಾರು? ಪ್ಲಾಸ್ಟಿಕ್ ಕಡ್ಡಿಯ ಇಯರ್ ಬಡ್‌ಗಳನ್ನು ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧಿಸಲಾಯಿತು. ಆದರೆ ಅದು ಪರಿಸರದ ಕಾಳಜಿಯಿಂದ. ಕಾಗದದ ಕಡ್ಡಿಯಾಗಲಿ ಬಿದಿರಿನ ಕಡ್ಡಿಯಾಗಲಿ, ಕಿವಿಯ ಮಟ್ಟಿಗೆ ಎಲ್ಲವೂ ಒಂದೇ. ಹೇರ್‌ಪಿನ್ನು, ಬೆಂಕಿಕಡ್ಡಿ, ಕೀಲಿಕೈಗಳ ಬಗ್ಗೆ ಬೇರೆ ಹೇಳಬೇಕೆ? ಒಂದು ಮಾತು: ನೀವು ಕಿವಿಗೆ ಬೆಂಕಿಕಡ್ಡಿ ಹಾಕಿ ಕಣ್ಣು ಮುಚ್ಚಿ ಸುಖಪಡುವುದನ್ನು ಎರಡು ವರ್ಷದ ಮಗು ನೋಡುತ್ತಿರುತ್ತದೆ. ನಾಳೆ ತಾನೂ ಹಾಕಿಕೊಳ್ಳುತ್ತದೆ, ತೊಟ್ಟಿಲಲ್ಲಿರುವ ತಮ್ಮನಿಗೂ ಹಾಕುತ್ತದೆ.

ಎಣ್ಣೆ ಹಾಕಿದರೆ ತಲೆಗೆ ತಂಪೇ?

ಕಿವಿಗೆ ಎಣ್ಣೆ ಬಿಟ್ಟರೆ ತಲೆಗೆ ತಂಪು, ಕಣ್ಣಿಗೆ ಒಳ್ಳೆಯದು ಎಂಬ ನಂಬಿಕೆ ಬಹಳ ಹಳೆಯದು. ಆದರೆ ತಮಟೆ ಮುಚ್ಚಿದ ಬಾಗಿಲಿನ ಹಾಗೆ. ಕಿವಿಗೆ ಬಿಟ್ಟ ಎಣ್ಣೆ ಅದನ್ನು ದಾಟಿ ಒಳಕ್ಕೆ ಹೋಗುವುದಿಲ್ಲ. ಮಿದುಳಿಗೆ ಹೋಗುವುದಂತೂ ದೂರದ ಮಾತು. ಬಾಗಿಲು ತೂತಾಗಿದ್ದರೆ ಮಾತ್ರ ಎಣ್ಣೆ ಮಧ್ಯಕಿವಿಗೆ ಇಳಿಯುತ್ತದೆ. ಹಾಗೆ ಇಳಿಯುವುದು ತಂಪಿಗಲ್ಲ, ಕೇಡಿಗೆ.

ನ್ಯಾಯವಾಗಿ ಹೇಳಬೇಕೆಂದರೆ, ಆರೋಗ್ಯವಾದ ಕಿವಿಗೆ ಒಂದು ತೊಟ್ಟು ಶುದ್ಧ ಕೊಬ್ಬರಿ ಎಣ್ಣೆ ಬಿದ್ದ ಮಾತ್ರಕ್ಕೆ ಮಗು ಕಿವುಡಾಗುವುದಿಲ್ಲ. ‘ನಿನ್ನ ಗಂಡನಿಗೂ ನಾನು ಹೀಗೇ ಹಾಕಿ ಬೆಳೆಸಿದೆ’ ಎನ್ನುವ ಅತ್ತೆಯ ಮಾತು ಸುಳ್ಳಲ್ಲ. ಆದರೆ ತಮಟೆ ನೆಟ್ಟಗಿದೆಯೇ ಇಲ್ಲವೇ ಎಂಬುದು ನಿಮಗೂ ಕಾಣುವುದಿಲ್ಲ, ಅತ್ತೆಗೂ ಕಾಣುವುದಿಲ್ಲ. ದಿನದಿನವೂ ಬಿದ್ದ ಎಣ್ಣೆ ದೂಳಿನೊಡನೆ ಸೇರಿ ಮುದ್ದೆಯಾಗುತ್ತದೆ. ಮಲೆನಾಡು, ಕರಾವಳಿಯಂಥ ತೇವದ ಊರುಗಳಲ್ಲಿ, ಅದೂ ಮಳೆಗಾಲದಲ್ಲಿ, ಸದಾ ಒದ್ದೆಯಾಗಿರುವ ಕಿವಿಯಲ್ಲಿ ಬೂಷ್ಟು ಬೆಳೆದು ವಿಪರೀತ ನವೆ, ನೋವು ಆಗುವುದುಂಟು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯಂತೂ ಬೇಡವೇ ಬೇಡ. ನಿಮ್ಮ ಅಂಗೈಗೆ ಉಗುರುಬೆಚ್ಚಗೆನಿಸಿದ ಎಣ್ಣೆ ಮಗುವಿನ ಕಿವಿಯ ಚರ್ಮವನ್ನು ಸುಡಬಹುದು. ಮಗುವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಿರಿ. ಅದರ ಕಿವಿಗೆ ಬಿಡಬೇಡಿ.

ಎದೆಹಾಲನ್ನು ಕಿವಿಗೆ ಹಿಂಡುವ ರೂಢಿಗೂ ಇದೇ ಉತ್ತರ. ಎದೆಹಾಲು ಅಮೃತವೇ ಹೌದು, ಆದರೆ ಬಾಯಿಂದ ಹೊಟ್ಟೆಗೆ ಹೋದಾಗ. ಇನ್ನು ಊದುವುದು: ನಮ್ಮ ಬಾಯಲ್ಲಿರುವ ರೋಗಾಣುಗಳನ್ನು ಮಗುವಿನ ಕಿವಿಗೆ ದಾಟಿಸಲು ಅದೊಂದು ದಾರಿ, ಅಷ್ಟೇ.

ಹಾಗಾದರೆ ಮಾಡಬೇಕಾದದ್ದೇನು?

ಹಳೆಯ ಹತ್ತಿ ಪಂಚೆಯ ಮೆತ್ತನೆಯ ತುಂಡೊಂದನ್ನು ಒಗೆದು ಬಿಸಿಲಲ್ಲಿ ಒಣಗಿಸಿ ಇಟ್ಟುಕೊಳ್ಳಿ. ಸ್ನಾನವಾದ ಮೇಲೆ ಅದನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಬೆರಳಿಗೆ ಸುತ್ತಿಕೊಂಡು ಕಿವಿಯ ಹೊರಗಿನ ಮಡಿಕೆಗಳನ್ನೂ ಹಾಲೆಯನ್ನೂ ಒರೆಸಿ. ರಂಧ್ರದ ಬಾಯಲ್ಲಿ ತಾನಾಗಿ ಬಂದು ಕೂತ ಗುಗ್ಗೆಯನ್ನು ಒರೆಸಿ ತೆಗೆಯಬಹುದು. ಬಟ್ಟೆ ಸುತ್ತಿದ ನಿಮ್ಮ ಕಿರುಬೆರಳು ಹೋಗದ ಜಾಗಕ್ಕೆ ಬೇರೇನೂ ಹೋಗಬಾರದು. ಬಳಿಕ ಒಣಬಟ್ಟೆಯಿಂದ ನೀರಿನ ಪಸೆ ತೆಗೆಯಿರಿ. ಸಾಬೂನು ಉಳಿಯದಿರಲಿ.

ಎಲ್ಲರೂ ಮರೆಯುವ ಜಾಗ ಕಿವಿಯ ಹಿಂಭಾಗ. ಮಗು ಕಕ್ಕಿದ ಹಾಲು ಕೆನ್ನೆಯಿಂದ ಇಳಿದು ಅಲ್ಲಿ ಸೇರುತ್ತದೆ, ಎಣ್ಣೆಯೂ ಪೌಡರೂ ಅಲ್ಲೇ ಮೆತ್ತಿಕೊಳ್ಳುತ್ತವೆ. ಎರಡು ದಿನ ನೋಡದಿದ್ದರೆ ಸಂದಿಯ ಚರ್ಮ ಬಿರಿದು ಹುಣ್ಣಾಗಿ ಕಟ್ಟು ವಾಸನೆ ಬರುತ್ತದೆ. ಕಿವಿಯ ಒಳಗೆ ಕಡ್ಡಿ ಹಾಕುವ ಹುರುಪಿನಲ್ಲಿ ಅರ್ಧದಷ್ಟನ್ನು ಈ ಸಂದಿಗೆ ತೋರಿಸಿದರೆ ಸಾಕು.

ಎರೆಯುವಾಗ ನೀರಿನ ಧಾರೆ ನೇರವಾಗಿ ಕಿವಿಗೆ ಬೀಳದಂತೆ ಅಂಗೈ ಅಡ್ಡ ಹಿಡಿಯಿರಿ. ಒಂದಿಷ್ಟು ನೀರು ಹೋದರೂ ಹೆದರಬೇಕಿಲ್ಲ. ಆ ಕಡೆಗೆ ಮಗುವಿನ ತಲೆಯನ್ನು ಕ್ಷಣಕಾಲ ಓರೆ ಮಾಡಿ, ಕಿವಿಯ ಹಾಲೆಯನ್ನು ಮೆಲ್ಲಗೆ ಕೆಳಕ್ಕೆ ಮತ್ತು ಹಿಂದಕ್ಕೆ ಎಳೆದರೆ ನಾಳ ನೇರವಾಗಿ ನೀರು ಹೊರಗೆ ಬರುತ್ತದೆ. ಕಿವಿಗೆ ಹತ್ತಿ ತುರುಕಿ ಮಲಗಿಸುವ ಅಭ್ಯಾಸ ಒಳ್ಳೆಯದಲ್ಲ. ಹತ್ತಿಯೊಳಗೆ ತೇವ ನಿಲ್ಲುತ್ತದೆ. ಎಷ್ಟೋ ಸಲ ಆ ಹತ್ತಿಯೇ ಒಳಕ್ಕೆ ಸರಿದು ತಿಂಗಳ ಮೇಲೆ ವೈದ್ಯರ ಕೈಗೆ ಸಿಗುತ್ತದೆ.

ಕಿವಿ ಚುಚ್ಚಿಸುವ ಶಾಸ್ತ್ರ ಮಾಡುವವರು ಮಗುವಿನ ಮೊದಲ ಸುತ್ತಿನ ಲಸಿಕೆಗಳು ಮುಗಿಯುವವರೆಗಾದರೂ ಕಾಯುವುದು ಕ್ಷೇಮ. ಸೂಜಿಯೋ ತಂತಿಯೋ, ರೋಗಾಣುರಹಿತವಾಗಿರಲಿ. ಗಾಯ ಮಾಯುವವರೆಗೆ ಅರಿಸಿನ, ಸುಣ್ಣ ಮೆತ್ತಬೇಡಿ.

ಗುಗ್ಗೆ ನಿಜಕ್ಕೂ ಗಟ್ಟಿಯಾಗಿ ಕೂತಿದ್ದರೆ? ಅದನ್ನು ಸಲಕರಣೆಯಿಂದ ನೋಡಿ ತೆಗೆಯುವುದು ವೈದ್ಯರ ಕೆಲಸ. ಬಸ್ ನಿಲ್ದಾಣದ ಬಳಿ ಕೂತು ಕಿವಿ ಶುಚಿ ಮಾಡುವವರ ಕೈಗೆ ದೊಡ್ಡವರೂ ಕಿವಿ ಕೊಡಬಾರದು. ಅಂಗಡಿಯಿಂದ ತಂದ ತೊಟ್ಟುಮದ್ದನ್ನು, ಅದರಲ್ಲೂ ಹಿಂದಿನ ಸಲ ಅಣ್ಣನಿಗೆ ಬರೆದುಕೊಟ್ಟು ಉಳಿದ ಸೀಸೆಯನ್ನು, ತಾವಾಗಿ ಹಾಕುವುದೂ ತಪ್ಪು. ತಮಟೆ ತೂತಾಗಿರುವ ಕಿವಿಗೆ ಅಂಥ ಕೆಲವು ಔಷಧಗಳು ಇಳಿದರೆ ಒಳಕಿವಿಗೇ ಹಾನಿಯಾಗಬಹುದು.

ಕಿವಿ ಸೋರಿದರೆ

ಮಧ್ಯಕಿವಿಗೂ ಗಂಟಲಿಗೂ ನಡುವೆ ಒಂದು ಸಣ್ಣ ಕೊಳವೆಯ ದಾರಿಯಿದೆ. ದೊಡ್ಡವರಲ್ಲಿ ಅದು ಇಳಿಜಾರಾಗಿರುತ್ತದೆ. ಕೂಸುಗಳಲ್ಲಿ ಗಿಡ್ಡವಾಗಿ, ಹೆಚ್ಚುಕಡಿಮೆ ಅಡ್ಡಕ್ಕೆ ಇರುತ್ತದೆ. ಹಾಗಾಗಿ ನೆಗಡಿಯಾದಾಗ ಗಂಟಲಿನ ಸೋಂಕು ಕಿವಿಗೆ ಸುಲಭವಾಗಿ ಏರುತ್ತದೆ. ಅಂಗಾತ ಮಲಗಿಸಿ ಸೀಸೆಯಿಂದ ಹಾಲು ಕುಡಿಸಿದರೆ ಹಾಲೂ ಅದೇ ದಾರಿ ಹಿಡಿಯಬಹುದು. ಎದೆಹಾಲಿಗೆ ಕಿವಿಯ ಸೋಂಕನ್ನು ತಗ್ಗಿಸುವ ಗುಣವಿದೆ. ತಲೆಯ ಭಾಗವನ್ನು ಎತ್ತರಿಸಿ ಕುಡಿಸಿ. ಮನೆಯೊಳಗೆ ಬೀಡಿ ಸಿಗರೇಟು ಸೇದಿದರೆ ಮಗುವಿನ ಕಿವಿ ಸೋಂಕು ಹೆಚ್ಚುತ್ತದೆ ಎಂಬುದು ಅಪ್ಪಂದಿರಿಗೆ ತಿಳಿದಿರಲಿ. ನ್ಯುಮೋಕಾಕಸ್ ವಿರುದ್ಧದ ಲಸಿಕೆಯನ್ನು ಸರ್ಕಾರ 2017ರಿಂದ ಹಂತಹಂತವಾಗಿ ಉಚಿತ ಲಸಿಕೆಗಳ ಪಟ್ಟಿಗೆ ಸೇರಿಸಿ, 2021ರಲ್ಲಿ ದೇಶದೆಲ್ಲೆಡೆಗೆ ವಿಸ್ತರಿಸಿತು. ಅದನ್ನು ತಪ್ಪಿಸಬೇಡಿ.

ಮಗು ಕಿವಿ ಹಿಡಿದು ಎಳೆದ ಮಾತ್ರಕ್ಕೆ ಸೋಂಕು ಎನ್ನಲಾಗದು. ತನಗೆ ಕಿವಿ ಇದೆ ಎಂದು ಹೊಸದಾಗಿ ಪತ್ತೆ ಮಾಡಿದ ಮಗುವೂ ಎಳೆಯುತ್ತದೆ. ಆದರೆ ಅದರ ಜೊತೆಗೆ ಜ್ವರ, ರಾತ್ರಿಯೆಲ್ಲ ಅಳು, ಹಾಲು ಬೇಡವೆನ್ನುವುದು ಇದ್ದರೆ ವೈದ್ಯರಿಗೆ ತೋರಿಸಿ. ಕೀವು ಬಂದರಂತೂ ಕಾಯುವ ಮಾತೇ ಇಲ್ಲ. ‘ಹಲ್ಲು ಬರುವಾಗ ಕಿವಿ ಸೋರುತ್ತದೆ’, ‘ದೊಡ್ಡವನಾದಂತೆ ನಿಲ್ಲುತ್ತದೆ’ ಎಂದು ವರ್ಷಗಟ್ಟಲೆ ಬಿಟ್ಟ ಕಿವಿಗಳೇ ಮುಂದೆ ಮಂದವಾಗುವುದು. ಕಿವಿಯ ಹಿಂದಿನ ಮೂಳೆಯ ಮೇಲೆ ಬಾವು ಬಂದು ಕಿವಿ ಮುಂದಕ್ಕೆ ಚಾಚಿಕೊಂಡಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇಲ್ಲೊಂದು ವಿನಾಯಿತಿ ಇದೆ. ಸೋರುವ ಕಿವಿಯನ್ನು ಒಣಗಿಸಲು, ಶುದ್ಧವಾದ ಮೆತ್ತನೆಯ ಬಟ್ಟೆಯನ್ನು ದೀಪದ ಬತ್ತಿಯಂತೆ ಹೊಸೆದು ಕಿವಿಯಲ್ಲಿಟ್ಟು, ಒದ್ದೆಯಾದೊಡನೆ ತೆಗೆದು ಬೇರೆಯದನ್ನು ಇಡುವುದನ್ನು ಆರೋಗ್ಯ ಕಾರ್ಯಕರ್ತೆಯರು ತಾಯಂದಿರಿಗೆ ಹೇಳಿಕೊಡುತ್ತಾರೆ. ಅದು ಸರಿಯಾದ ಕ್ರಮವೇ. ಆ ಬತ್ತಿಯೊಳಗೆ ಕಡ್ಡಿ ಇರುವುದಿಲ್ಲ ಎಂಬುದನ್ನು ಗಮನಿಸಿ. ಅವರು ಹೇಳಿದ ಮೇಲೆ, ಅವರು ತೋರಿಸಿದಂತೆ ಮಾತ್ರ ಮಾಡಿ.

ಕಿವಿಗೆ ಏನಾದರೂ ಹೊಕ್ಕರೆ

ತೆವಳುವ ಮಗುವಿನ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ, ಮೂಗಿಗೆ, ಕಿವಿಗೆ ಹೋಗುತ್ತದೆ. ಕಡಲೆ, ಅಲಸಂದೆ, ಹುಣಿಸೆಬೀಜ ಹೋಗಿದ್ದರೆ ನೀರು ಹಾಕಬೇಡಿ. ಕಾಳು ಉಬ್ಬಿ ಇನ್ನೂ ಬಿಗಿಯಾಗುತ್ತದೆ. ಚಿಮುಟದಿಂದ ಕೀಳಲು ಹೋದರೆ ಅದು ಜಾರಿ ತಮಟೆಗೆ ತಾಗುತ್ತದೆ. ಹಾಗೆಯೇ ಕರೆದೊಯ್ಯಿರಿ. ಜೀವವಿರುವ ಹುಳು ಹೊಕ್ಕು ಮಗು ಚೀರುತ್ತಿದ್ದರೆ, ಆ ಕಿವಿ ಹಿಂದೆ ಎಂದೂ ಸೋರಿಲ್ಲವೆಂದು ಖಾತ್ರಿಯಿದ್ದಲ್ಲಿ, ಬಿಸಿ ಮಾಡದ ಕೊಬ್ಬರಿ ಎಣ್ಣೆಯ ನಾಲ್ಕು ತೊಟ್ಟು ಬಿಟ್ಟರೆ ಹುಳು ಸತ್ತು ಯಾತನೆ ನಿಲ್ಲುತ್ತದೆ. ಆಮೇಲೆ ವೈದ್ಯರು ತೆಗೆಯುತ್ತಾರೆ. ಕಿವಿಗೆ ಎಣ್ಣೆ ಬಿಡಬಹುದಾದ ಸಂದರ್ಭ ಇದೊಂದೇ.

ಎಲ್ಲಕ್ಕಿಂತ ಅಪಾಯದ್ದು ಗುಂಡಿಯಾಕಾರದ ಸಣ್ಣ ಬ್ಯಾಟರಿ. ಗೊಂಬೆ, ಗಡಿಯಾರ, ರಿಮೋಟುಗಳಲ್ಲಿ ಇರುತ್ತದೆ. ಅದು ಕಿವಿಯ ತೇವಕ್ಕೆ ತಾಗಿದರೆ ಕೆಲವೇ ಗಂಟೆಗಳಲ್ಲಿ ಒಳಗೆಲ್ಲ ಸುಡುತ್ತದೆ. ನೀರು, ಎಣ್ಣೆ, ಔಷಧ ಏನನ್ನೂ ಹಾಕದೆ, ಬೆಳಗಾಗಲಿ ಎನ್ನದೆ, ರಾತ್ರಿಯಾದರೂ ಹೊರಡಿ.

ಮಗುವಿಗೆ ಕೇಳಿಸುತ್ತಿದೆಯೇ?

ಗುಗ್ಗೆಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವ ನಾವು, ಮಗುವಿಗೆ ಕಿವಿ ಕೇಳಿಸುತ್ತಿದೆಯೇ ಎಂಬ ಪ್ರಶ್ನೆಯನ್ನು ಎರಡು ವರ್ಷದವರೆಗೆ ಕೇಳುವುದೇ ಇಲ್ಲ. ಮಾತು ಬಾರದಿದ್ದರೆ ‘ಅವರಪ್ಪನಿಗೂ ತಡವಾಗಿಯೇ ಬಂತು’ ಎಂಬ ಸಮಾಧಾನ ಬೇರೆ. ಕೇಳಿಸದ ಮಗುವಿಗೆ ಮಾತು ಬರುವುದು ಬಹಳ ಕಷ್ಟ. ಮೊದಲ ಕೆಲವು ತಿಂಗಳು ಅದೂ ಎಲ್ಲ ಮಕ್ಕಳಂತೆ ಗುಲುಗುಲು ಎನ್ನುತ್ತದೆ. ಆದ್ದರಿಂದ ಹೆತ್ತವರಿಗೆ ಗೊತ್ತಾಗುವುದಿಲ್ಲ.

ಹುಟ್ಟಿದ ಕೂಸು ಜೋರಾದ ಸದ್ದಿಗೆ ಬೆಚ್ಚಬೇಕು. ಮೂರು ನಾಲ್ಕು ತಿಂಗಳಿಗೆ ತಾಯಿಯ ದನಿ ಕೇಳಿ ಅಳು ನಿಲ್ಲಿಸಬೇಕು. ಆರು ತಿಂಗಳ ಹೊತ್ತಿಗೆ ಸದ್ದು ಬಂದ ಕಡೆ ತಿರುಗಬೇಕು, ಒಂಬತ್ತಕ್ಕೆ ಹೆಸರು ಕರೆದರೆ ನೋಡಬೇಕು, ವರ್ಷಕ್ಕೆ ಒಂದೆರಡು ಮಾತಾದರೂ ಆಡಬೇಕು. ತಟ್ಟೆ ಬಡಿದು ಪರೀಕ್ಷಿಸುವುದನ್ನು ನಂಬಬೇಡಿ. ಮಗು ನಿಮ್ಮ ಕೈಯಾಡುವುದನ್ನು ನೋಡಿ ತಿರುಗಿರಬಹುದು.

ಇಂದು ಹುಟ್ಟಿದ ಒಂದೆರಡು ದಿನದಲ್ಲೇ, ಮಗು ನಿದ್ದೆಯಲ್ಲಿರುವಾಗ, ನೋವಿಲ್ಲದೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ಶ್ರವಣ ಪರೀಕ್ಷೆಯಿದೆ. ಒಂದು ತಿಂಗಳೊಳಗೆ ಪರೀಕ್ಷೆ, ದೋಷವಿದ್ದರೆ ಮೂರು ತಿಂಗಳೊಳಗೆ ಖಚಿತಪಡಿಸಿಕೊಳ್ಳುವುದು, ಆರು ತಿಂಗಳೊಳಗೆ ಶ್ರವಣಯಂತ್ರವೋ ಬೇರೆ ಚಿಕಿತ್ಸೆಯೋ ಶುರುವಾಗುವುದು: ಇದು ತಜ್ಞರು ಹಾಕಿಕೊಂಡಿರುವ ಗಡುವು. ಹೀಗೆ ಬೇಗ ಶುರುಮಾಡಿದ ಮಕ್ಕಳಲ್ಲಿ ಬಹಳಷ್ಟು ಮಂದಿ ಮಾತು ಕಲಿತು ಎಲ್ಲರೊಡನೆ ಶಾಲೆಗೆ ಹೋಗುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದಲೂ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೇ ಮೀಸಲಾದದ್ದು. ದೂರದವರು ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗದಲ್ಲಿ ವಿಚಾರಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹುಟ್ಟು ಕಿವುಡುತನವೂ ಸೇರಿದೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ.

ಮೊದಲ ಪರೀಕ್ಷೆಯಲ್ಲಿ ‘ಇನ್ನೊಮ್ಮೆ ಬನ್ನಿ’ ಎಂದರೆ ಎದೆಗುಂದಬೇಡಿ. ಹುಟ್ಟುವಾಗ ಮೈಗೆ ಮೆತ್ತಿಕೊಂಡಿರುವ ಬಿಳಿಯ ಜಿಡ್ಡು ಒಂದೆರಡು ದಿನ ಕಿವಿಯ ನಾಳದಲ್ಲೂ ಇರುತ್ತದೆ, ಮಧ್ಯಕಿವಿಯಲ್ಲಿ ನೀರೂ ನಿಂತಿರಬಹುದು. ಅಷ್ಟರಿಂದಲೇ ಯಂತ್ರ ಸರಿಯಾದ ಉತ್ತರ ಕೊಡುವುದಿಲ್ಲ. ಆ ಜಿಡ್ಡನ್ನು ತೆಗೆಯಲು ಮನೆಯಲ್ಲಿ ಯಾರೂ ಕಡ್ಡಿ ಹಾಕಬೇಡಿ, ಅದು ತಾನಾಗಿ ಹೋಗುತ್ತದೆ. ಮರುಪರೀಕ್ಷೆಗೆ ಕೊಟ್ಟ ದಿನವನ್ನು ಬಾಣಂತನದ ಗಡಿಬಿಡಿಯಲ್ಲಿ ಮರೆಯುವವರೇ ಹೆಚ್ಚು. ತಾಯಿ ಕಾರ್ಡಿನ ಮೇಲೆ, ಲಸಿಕೆಯ ತಾರೀಖುಗಳ ಪಕ್ಕದಲ್ಲೇ, ಅದನ್ನೂ ಬರೆಸಿಕೊಂಡು ಬನ್ನಿ.